ನೇರ ಹೋಗುವುದಷ್ಟೇ ಬಂದಿದೆ

ನವೆಂಬರಿನ ಮೊದಲ ಗುರುವಾರ ಎಸಿ ಆರಿಸಿದೆವು.
ಏಪ್ರಿಲಿನಿಂದ ಒಂದೇ ಸಮನೆ ಗೊಣಗುತ್ತಿದ್ದ ಮುದುಕ
ಬಾಯಿ ಮುಚ್ಚಿದ ಹಾಗೆ
ಮನೆ ತಟ್ಟನೆ ದೊಡ್ಡದಾಯಿತು.
ಕಿಟಕಿ ತೆಗೆದರೆ
ಎದುರು ಮಹಡಿಯ ಕುಕ್ಕರಿನ ಸಿಳ್ಳೆ,
ಯಾರದೋ ಮಗುವಿನ ಮಗ್ಗಿ, ಮಲಯಾಳದಲ್ಲಿ,
ಕೆಳಗೆ ಗ್ರೋಸರಿ ಹುಡುಗನ ಸೈಕಲ್ ಬೆಲ್ಲು.
ಇಷ್ಟು ಜನ ಇದ್ದರೇ ಇಲ್ಲಿ, ಎಂದೆ.
ಇವರು ನಕ್ಕರು:
ಇನ್ನು ಫೆಬ್ರವರಿವರೆಗೆ ಇರುತ್ತಾರೆ.

ಮದುವೆಯಾಗಿ ಹನ್ನೊಂದು ವರ್ಷ.
ಆದರೆ ನನ್ನ ಲೆಕ್ಕ ಬೇರೆ:
ಆರು ರಜೆ, ನಲವತ್ತು ದಿನದಂತೆ
ಇನ್ನೂರ ನಲವತ್ತು.
ಅದರಲ್ಲೂ ನೆಂಟರ ಮನೆ, ಬ್ಯಾಂಕು, ಹಲ್ಲಿನ ಡಾಕ್ಟರು
ಕಳೆದರೆ ಎಷ್ಟುಳಿಯಿತೋ, ಕಳೆದು ನೋಡಿಲ್ಲ.
ಸಂಬಳದ ಚೀಟಿಯಲ್ಲಿ ಅಂಕಿಯೊಂದು ಗೆರೆ ದಾಟಿ
ನಾನೂ ಪ್ರಾಪ್ತಿಯೂ ಅಜ್ಮಾನಿಗೆ ಬಂದದ್ದು
ಈ ಮಾರ್ಚಿನ ಮೊದಲ ವಾರ.
ಮೊನ್ನೆ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿದೆ.
ಇಲ್ಲಿನ ದಿನಗಳೇ ಈಗ ಹೆಚ್ಚು.
ಯಾರಿಗೂ ಹೇಳಲಿಲ್ಲ,
ರಾತ್ರಿ ಸುಮ್ಮನೆ ಶ್ಯಾವಿಗೆ ಪಾಯಸ ಮಾಡಿದೆ.
ಏನು ವಿಶೇಷ, ಅಂದರು.
ಹಾಲು ಮಿಕ್ಕಿತ್ತು, ಅಂದೆ.

ಒಂದು ಕೋಣೆಯಲ್ಲಿ ಎಂಟು ಜನರ ಜೊತೆ ಬಾಳಿದ ಮನುಷ್ಯ.
ಈಗಲೂ ಮಂಚದ ಅಂಚಿಗೇ ಮಲಗುತ್ತಾರೆ,
ಸೋಪನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಚ್ಚಿಡುತ್ತಾರೆ,
ಉಂಡ ತಟ್ಟೆ ನನ್ನ ಕೈಗೆ ಸಿಗುವ ಮೊದಲೇ
ತೊಳೆದಾಗಿರುತ್ತದೆ.
ಒಂದು ಬೆಳಿಗ್ಗೆ ಫ್ರಿಜ್ಜಿನಲ್ಲಿ
ಮೊಸರಿನ ಡಬ್ಬದ ಮೇಲೆ ಕರಿ ಮಾರ್ಕರಿನಲ್ಲಿ:
ಲೋಕನಾಥ.
ಯಾರು ಕದಿಯುವುದು ಮಾರಾಯ್ರೇ, ನಾನೋ, ಮಗಳೋ?
ನಾಚಿ ಉಜ್ಜಲು ಹೋದರು. ಹೋಗಲಿಲ್ಲ.
ಪ್ರಾಪ್ತಿಗೆ ಆಟ ಸಿಕ್ಕಿತು.
ಸಂಜೆಯೊಳಗೆ ಮೊಟ್ಟೆಗಳ ಮೇಲೆ, ಟೊಮೆಟೊ ಮೇಲೆ,
ನೀರುಳ್ಳಿಯ ಸಿಪ್ಪೆಯ ಮೇಲೂ ಒಂದೊಂದು ಹೆಸರು.
ನನ್ನ ಪಾಲಿಗೆ ಬಂದದ್ದು ಹಾಗಲಕಾಯಿ.
ಒಂದು ವಾರ ಅದನ್ನು ಕೊಯ್ಯಲಿಲ್ಲ.

ಸೈಕಲ್ಲು ಮಗಳಿಗೆಂದೇ ತಂದದ್ದು.
ಊರಿಗೆ ಹೊರಟ ಫಿಲಿಪಿನೋ ನರ್ಸೊಬ್ಬಳು
ಅರವತ್ತು ಹೇಳಿ ನಲವತ್ತು ದಿರ್ಹಮಿಗೆ ಕೊಟ್ಟಳು,
ಬುಟ್ಟಿಯಲ್ಲಿ ಮರೆತ ಹೇರ್‌ಬ್ಯಾಂಡ್ ಸಮೇತ.
ಪ್ರಾಪ್ತಿಯ ಕಾಲು ನೆಲಕ್ಕೆ ಎಟುಕದು.
ನನ್ನದು ಎಟುಕಿತು.
ಮೂವತ್ತಾರಕ್ಕೆ ಎಂಥ ಸೈಕಲ್ಲು, ಎನ್ನುತ್ತಲೇ
ಶಾಲು ಸೊಂಟಕ್ಕೆ ಬಿಗಿದೆ.

ಕಟ್ಟಡದ ಹಿಂದೆ ಮರಳಿನ ಪಾರ್ಕಿಂಗು.
ಇವರು ಸೀಟು ಹಿಡಿಯಲು ಬಂದರೆ ಮಗಳು ಬಿಡಲಿಲ್ಲ,
ಹಿಡಿದರೆ ಬರುವುದಿಲ್ಲ ಪಪ್ಪಾ, ಬೀಳಲಿ.
ಬಿದ್ದೆ.
ಪಠಾಣನ ಟ್ಯಾಕ್ಸಿಯ ಬಂಪರಿಗೆ ಒರೆಸಿಕೊಂಡು ಬಿದ್ದೆ.
ಅವನು ಓಡಿ ಬಂದು ಮೊದಲು ಬಂಪರು ನೋಡಿ
ಆಮೇಲೆ ನನ್ನನ್ನು ನೋಡಿ
ಜೇಬಿನಿಂದ ಒಂದು ಖರ್ಜೂರ ತೆಗೆದು ಕೊಟ್ಟ.
ಮೂವತ್ತನೇ ಮಹಡಿಯಲ್ಲಿ ತೂಗುತ್ತ
ಗಾಜು ಕೂರಿಸುವ ಇವರ ಕೈ
ನನ್ನ ಮಂಡಿಗೆ ಡೆಟಾಲ್ ಹಚ್ಚುವಾಗ ನಡುಗಿತು.
ಉರಿಯುತ್ತದಾ? ಉರಿಯುತ್ತದಾ?
ಉರಿ ಇದ್ದದ್ದು ನನಗೆ.

ಐದನೇ ದಿನ ಕಿವಿಯಲ್ಲಿ ಗಾಳಿಯ ಸದ್ದಾಯಿತು.
ಬಿಳಿ ಪಿಕಪ್ಪು, ಧೂಳು ಹೊದ್ದ ಕೊರೊಲ್ಲಾ, ನೀರಿನ ಟ್ಯಾಂಕರು
ಒಂದೊಂದಾಗಿ ಹಿಂದೆ ಸರಿದವು.
ನಾನು ಹೋಗುತ್ತಿದ್ದೇನೆಂದು
ನನಗೆ ಹೊಳೆದದ್ದು ಟ್ಯಾಂಕರು ದಾಟಿದ ಮೇಲೆ.

ತಿರುಗಿಸುವುದು ಇನ್ನೂ ಬಂದಿಲ್ಲ.
ಗೋಡೆ ಬಂದಲ್ಲಿ ಇಳಿಯುತ್ತೇನೆ,
ದನದ ಮೂತಿ ತಿರುಗಿಸಿದ ಹಾಗೆ
ಹ್ಯಾಂಡಲ್ ಹಿಡಿದೆಳೆದು ಮುಖ ಈಚೆ ಮಾಡಿ
ಮತ್ತೆ ಹತ್ತುತ್ತೇನೆ.
ಆ ತುದಿಯಲ್ಲಿ ಇಬ್ಬರೂ
ಯಾರದೋ ಕಾರಿಗೆ ಒರಗಿ
ಒಂದೇ ಪೊಟ್ಟಣದ ಕಡಲೆ ತಿನ್ನುತ್ತಿದ್ದಾರೆ.
ನನ್ನನ್ನು ನೋಡುತ್ತಿಲ್ಲ,
ಅವಳು ಹೇಳಿದ ಯಾವುದಕ್ಕೋ ಇವರು
ಹೊಟ್ಟೆ ಹಿಡಿದು ನಗುತ್ತಿದ್ದಾರೆ.

ಬೆಲ್ಲು ಹೊಡೆದೆ.
ಬ್ರೇಕಿನದು ಅಷ್ಟು ಭರವಸೆಯಿಲ್ಲ.